ಮೊದಲು ತಾರೀಕು, ಆಮೇಲೆ ವಾದ

ಯುವ ವಕೀಲರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ

ನಿಮ್ಮಲ್ಲಿ ಬಹಳ ಜನ ಪ್ರಾಕ್ಟೀಸ್ ಶುರು ಮಾಡಿ ಒಂದೆರಡು ವರ್ಷ ಆಗಿರಬಹುದು. ವಾಣಿಜ್ಯ ವ್ಯಾಜ್ಯ ಅಂದ ತಕ್ಷಣ ದೊಡ್ಡ ಕಂಪನಿ, ನೂರು ಕೋಟಿಯ ಕ್ಲೇಮು, ನಾಲ್ಕು ಜೂನಿಯರ್‌ಗಳನ್ನು ಹಿಂದಿಟ್ಟುಕೊಂಡು ಬರುವ ಸೀನಿಯರ್, ಇದೇ ಕಣ್ಣಮುಂದೆ ಬರುತ್ತದೆ. ಆ ಚಿತ್ರ ಈಗ ಹಳೆಯದು. 2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ಮಿತಿ 1 ಕೋಟಿ ರೂಪಾಯಿ ಇತ್ತು. ಅದಕ್ಕಿಂತ ಕಡಿಮೆಯ ವ್ಯಾಜ್ಯ ಆ ಬಾಗಿಲಿಗೆ ಹೋಗುತ್ತಿರಲಿಲ್ಲ. 2018ರ ತಿದ್ದುಪಡಿ ಅದನ್ನು 3 ಲಕ್ಷಕ್ಕೆ ಇಳಿಸಿತು. ದಾವಣಗೆರೆಯ ಹಾರ್ಡ್‌ವೇರ್ ಅಂಗಡಿ, ಇಳಕಲ್ಲಿನ ಸೀರೆ ವ್ಯಾಪಾರ, ಪೀಣ್ಯದ ಎರಡು ಲೇಥ್ ಮಷೀನಿನ ಶೆಡ್ಡು, ಇವರಿಗೆಲ್ಲ 3 ಲಕ್ಷ ಬಾಕಿ ಅನ್ನೋದು ದಿನನಿತ್ಯದ ಮಾತು ಅಲ್ವಾ? ಅದರಲ್ಲೂ ಆ ಮೊತ್ತ ಲೆಕ್ಕ ಹಾಕುವಾಗ ದಾವೆ ಹೂಡುವ ದಿನದವರೆಗಿನ ಬಡ್ಡಿಯೂ ಸೇರುತ್ತದೆ. ಎರಡೂವರೆ ಲಕ್ಷದ ಹಳೇ ಬಾಕಿ ಸಲೀಸಾಗಿ ಮಿತಿ ದಾಟುತ್ತದೆ. ಹಾಗಾಗಿ ಇದು ನಿಮ್ಮ ಮೇಜಿಗೆ ಬಂದೇ ಬರುವ ಕೆಲಸ. ಯಾರೋ ದೊಡ್ಡವರ ಕೆಲಸ ಅಂದುಕೊಂಡು ಕೂರಬೇಡಿ.

ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ವಿಷಯ. ವಾಣಿಜ್ಯ ದಾವೆಯಲ್ಲಿ ಸೋಲು ಗೆಲುವು ಬಹುಪಾಲು ತೀರ್ಮಾನ ಆಗೋದು ಸಾಕ್ಷಿ ಕಟಕಟೆ ಹತ್ತುವ ಮೊದಲು. ದಾವೆ ಹೂಡುವ ಮುಂಚಿನ ಕೆಲವು ವಾರ, ಸಮನ್ಸ್ ಮುಟ್ಟಿದ ಮೇಲಿನ 120 ದಿನ, ಇಷ್ಟರಲ್ಲೇ ಎಲ್ಲ ಇದೆ. ಮಾಮೂಲಿ ಸಿವಿಲ್ ದಾವೆಯಲ್ಲಿ ನಮಗೊಂದು ಅಭ್ಯಾಸ ಇದೆ. ಈಗ ಪ್ಲೇಂಟ್, ಅಂದರೆ ದಾವಾ ಅರ್ಜಿ, ಹಾಕಿಬಿಡೋಣ, ದಾಖಲೆ ಆಮೇಲೆ ನೋಡೋಣ, ಬೇಕಾದರೆ ಒಂದು ಐ.ಎ., ಅಂದರೆ ಮಧ್ಯಂತರ ಅರ್ಜಿ, ಹಾಕಿ ತಿದ್ದುಪಡಿ ಮಾಡೋಣ ಅನ್ನೋದು. ಆ ಅಭ್ಯಾಸ ಇಟ್ಟುಕೊಂಡು ವಾಣಿಜ್ಯ ಕೋರ್ಟಿಗೆ ಹೋದರೆ ಕಕ್ಷಿದಾರ ಬೀದಿಗೆ ಬರುತ್ತಾನೆ.

ಮೊದಲು ಪುಸ್ತಕದ ಮಾತು. ವಾಣಿಜ್ಯ ಕೋರ್ಟಿಗೆ ಬೇರೆಯದೇ ಕಾರ್ಯವಿಧಾನ ಸಂಹಿತೆ ಅಂತ ಇಲ್ಲ. 1908ರ ಅದೇ ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆ. ಅದರ ಅಧ್ಯಾಯಗಳಿಗೆ ಆರ್ಡರ್ ಅಂತಾರೆ. ಆದರೆ 2015ರ ಕಾಯ್ದೆಯ 16ನೇ ಸೆಕ್ಷನ್ ಮತ್ತು ಅದರ ಅನುಸೂಚಿ, ವಾಣಿಜ್ಯ ವ್ಯಾಜ್ಯದ ಮಟ್ಟಿಗೆ ಆ ಸಿಪಿಸಿಯನ್ನು ಅಲ್ಲಲ್ಲಿ ಕಿತ್ತು ಹೊಸದಾಗಿ ಕಟ್ಟಿವೆ. ದಾಖಲೆ ಹಾಜರುಪಡಿಸುವ ಆರ್ಡರ್ 11 ಪೂರ್ತಿ ಬದಲಾಗಿದೆ. 13-ಎ, 15-ಎ ಅಂತ ಹೊಸ ಆರ್ಡರ್‌ಗಳು ಬಂದಿವೆ. ನಿಮ್ಮ ಹತ್ತಿರ ಇರೋ ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯದ ಪುಸ್ತಕ, ತೆಗೆದು ನೋಡಿ. ಕೆಲವು ಪ್ರಕಾಶಕರು ಎರಡೂ ರೂಪಗಳನ್ನು ಅಕ್ಕಪಕ್ಕ ಅಚ್ಚು ಹಾಕಿರುತ್ತಾರೆ, ಕೆಲವರು ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕಿರುತ್ತಾರೆ. ಹಳೇ ಆರ್ಡರ್ 11 ಓದಿಕೊಂಡು ಹೊಸ ಕೋರ್ಟಿನಲ್ಲಿ ನಿಂತರೆ ಕಷ್ಟ. ನನ್ನ ಸಲಹೆ ಇಷ್ಟೇ: ಅನುಸೂಚಿಯನ್ನು ಬೇರೆ ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟುಕೊಳ್ಳಿ. ಜೊತೆಗೆ ನಮ್ಮ 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್. ಅದನ್ನು ಓದಿದ ಜೂನಿಯರ್ ಸಿಗೋದೇ ಅಪರೂಪ. ಪ್ಲೇಂಟ್ ಹೇಗೆ ಜೋಡಿಸಬೇಕು, ಪ್ರೊಸೆಸ್, ಅಂದರೆ ಸಮನ್ಸ್ ಕಳಿಸುವ ಶುಲ್ಕ, ಹೇಗೆ ಕಟ್ಟಬೇಕು ಅನ್ನೋದಕ್ಕೆಲ್ಲ ಶಿರಸ್ತೇದಾರರ ಟೇಬಲ್ ಮುಂದೆ ಪೆಚ್ಚಾಗಿ ನಿಲ್ಲೋದು ಅದರಿಂದಲೇ ತಪ್ಪುತ್ತದೆ.

ಇಲ್ಲೇ ಇನ್ನೊಂದು ಮಾತು. ನೀವು ಓದುವ ವಾಣಿಜ್ಯ ತೀರ್ಪುಗಳಲ್ಲಿ ಬಹಳಷ್ಟು ದೆಹಲಿ, ಬಾಂಬೆ ಹೈಕೋರ್ಟುಗಳದ್ದು. ಅಲ್ಲಿ ಹೈಕೋರ್ಟಿಗೇ ನೇರವಾಗಿ ದಾವೆ ಹೂಡುವ ಮೂಲ ಅಧಿಕಾರ ಇದೆ, ಅದಕ್ಕೆ ಅವರದೇ ನಿಯಮಗಳಿವೆ. ನಮ್ಮ ಹೈಕೋರ್ಟಿಗೆ ಆ ಸಾಮಾನ್ಯ ಮೂಲ ಅಧಿಕಾರ ಇಲ್ಲ. ನಮ್ಮಲ್ಲಿ ದಾವೆ ಜಿಲ್ಲಾ ನ್ಯಾಯಾಧೀಶರ ಮಟ್ಟದ ವಾಣಿಜ್ಯ ಕೋರ್ಟಿನಲ್ಲಿ, ಮೇಲ್ಮನವಿ ಹೈಕೋರ್ಟಿನ ವಾಣಿಜ್ಯ ಮೇಲ್ಮನವಿ ಪೀಠಕ್ಕೆ. ಹಾಗಾಗಿ ದೆಹಲಿಯ ತೀರ್ಪಿನಲ್ಲಿರುವ ಕಾನೂನಿನ ತತ್ವ ತೆಗೆದುಕೊಳ್ಳಿ, ಅಲ್ಲಿಯ ಕಚೇರಿ ಪದ್ಧತಿಯನ್ನು ಹಾಗೇ ಇಲ್ಲಿಗೆ ಎತ್ತಿಕೊಂಡು ಬರಬೇಡಿ.

ಇನ್ನು, ಬಂದ ವ್ಯಾಜ್ಯ ವಾಣಿಜ್ಯದ್ದಾ ಅಲ್ಲವಾ ಅನ್ನೋ ಪ್ರಶ್ನೆ. ಕಾಯ್ದೆಯ 2(1)(ಸಿ)ಯಲ್ಲಿ 22 ಬಗೆ ಕೊಟ್ಟಿದ್ದಾರೆ. ಎರಡೂ ಕಡೆ ವ್ಯಾಪಾರಸ್ಥರು ಇದ್ದಾರೆ ಅಂದ ಮಾತ್ರಕ್ಕೆ ವ್ಯಾಜ್ಯ ವಾಣಿಜ್ಯದ್ದಾಗೋದಿಲ್ಲ. ಅಂಗಡಿಯವರು ಸ್ನೇಹಿತನ ಮಗಳ ಮದುವೆಗೆ ಕೈಸಾಲ ಕೊಟ್ಟರೆ ಅದು ಕೈಸಾಲವೇ. ಆಸ್ತಿಯ ವಿಷಯದಲ್ಲಂತೂ ಎಡವೋರು ಜಾಸ್ತಿ. ಅಂಬಾಲಾಲ್ ಸಾರಾಭಾಯಿ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಗುಜರಾತಿನ ಜಮೀನಿನ ವ್ಯಾಜ್ಯ ಅದು. ಮುಖ್ಯ ತೀರ್ಪು ಬರೆದವರು ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ಜಮೀನು ಒಪ್ಪಂದದ ಹೊತ್ತಿಗೆ ನಿಜವಾಗಿ ವ್ಯಾಪಾರಕ್ಕೆ ಬಳಕೆಯಲ್ಲಿರಬೇಕು, ಮುಂದೆ ಯಾವತ್ತೋ ಬಳಸುತ್ತೇವೆ ಅನ್ನೋದು ಸಾಲದು ಅಂತ ಹೇಳಿದರು. ಆ ತೀರ್ಪು ಉದ್ದ ಇಲ್ಲ. ಒಂದು ಸಂಜೆ ಕೂತು ಓದಿ.

ಈಗ ಒಂದು ಫೈಲ್ ತೆಗೆಯೋಣ. ಪಾಠಕ್ಕಾಗಿ ನಾನೇ ಕಟ್ಟಿದ ಫೈಲ್ ಇದು, ಆದರೆ ಇಂಥದ್ದು ಪ್ರತಿ ವಾರ ಚೇಂಬರಿಗೆ ಬರುತ್ತದೆ. ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ. ಪಂಪಿಗೆ ಬೇಕಾದ ಬಿಡಿಭಾಗ ಮಾಡುತ್ತಾರೆ. 2022ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂಪನಿಗೆ 14 ಇನ್‌ವಾಯ್ಸ್ ಮೇಲೆ ಸರಕು ಕಳಿಸಿದ್ದಾರೆ. ಪ್ರತಿ ಇನ್‌ವಾಯ್ಸಿಗೆ 30 ದಿನದ ಉದ್ರಿ. ಬಾಕಿ 42 ಲಕ್ಷ. ಮಾಲೀಕರು ನಿಮ್ಮ ಹತ್ತಿರ ಬಂದಿದ್ದು 2025ರ ಏಪ್ರಿಲ್ ಕೊನೆಗೆ, ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ ಹಿಡಿದುಕೊಂಡು. "ಎಲ್ಲಾ ಇದೆ ಸಾರ್, ಕೇಸ್ ಹಾಕಿ" ಅಂತಾರೆ.

ನೀವು ಮೊದಲು ಏನು ಮಾಡುತ್ತೀರಿ? ಲ್ಯಾಪ್‌ಟಾಪ್ ತೆಗೆದು ಹಳೇ ಪ್ಲೇಂಟಿನ ಮೇಲೆ ಹೊಸ ಹೆಸರು ಕೂರಿಸೋಕೆ ಹೋಗಬೇಡಿ. ಒಂದು ಹಾಳೆ ತಗೊಳ್ಳಿ. ನಾಲ್ಕು ಕಲಂ ಎಳೆಯಿರಿ. ತಾರೀಕು, ದಾಖಲೆ, ಯಾರು ಯಾರಿಗೆ ಬರೆದಿದ್ದು, ಮೂಲ ಪ್ರತಿ ಎಲ್ಲಿದೆ. ಕವರಿನಲ್ಲಿರೋ ಪ್ರತಿ ಕಾಗದ ಈ ಹಾಳೆಗೆ ಹೋಗಬೇಕು. ಚಹಾ ಲೋಟದ ಕಲೆ ಇರೋ ಡೆಲಿವರಿ ಚಲನ್ ಸಮೇತ. ಇದನ್ನು ಜೂನಿಯರ್ ಕೆಲಸ ಅಂತ ತಾತ್ಸಾರ ಮಾಡೋರಿದ್ದಾರೆ. ನನ್ನ ಕೇಳಿದರೆ ಇಡೀ ದಾವೆಯಲ್ಲಿ ಇದಕ್ಕಿಂತ ಬುದ್ಧಿ ಬೇಡುವ ಕೆಲಸ ಇನ್ನೊಂದಿಲ್ಲ.

ಹಾಳೆ ತುಂಬಿದ ಮೇಲೆ ಮೊದಲು ಕಾಣೋದು ಕಾಲಮಿತಿ. ಮೊದಲ ಇನ್‌ವಾಯ್ಸ್ 2022ರ ಏಪ್ರಿಲ್ 10ರದ್ದು. 30 ದಿನದ ಉದ್ರಿ ಮುಗಿದಿದ್ದು ಮೇ 10ಕ್ಕೆ. ಅಲ್ಲಿಂದ ಮೂರು ವರ್ಷ ಅಂದರೆ 2025ರ ಮೇ 10. ನಿಮ್ಮ ಕೈಯಲ್ಲಿರೋದು ಹೆಚ್ಚೆಂದರೆ ಎರಡು ವಾರ! ಮಾಲೀಕರು ಹೇಳುತ್ತಾರೆ, "ಅದು ರನ್ನಿಂಗ್ ಅಕೌಂಟ್ ಸಾರ್, ಕೊನೇ ಬಿಲ್ಲಿನಿಂದ ಲೆಕ್ಕ ಹಾಕಿ." ಈ ಮಾತನ್ನು ಎಷ್ಟೋ ವಕೀಲರೂ ನಂಬಿಕೊಂಡಿದ್ದಾರೆ. ಕಾಲಮಿತಿ ಕಾಯ್ದೆಯ 1ನೇ ಆರ್ಟಿಕಲ್ ಕೇಳೋದು ಪರಸ್ಪರ ಲೆಕ್ಕ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕೇಳಿಕೆ ಹುಟ್ಟುವಂಥ ವ್ಯವಹಾರ ಇರಬೇಕು. ಒಬ್ಬರು ಮಾರುತ್ತಾ ಹೋಗೋದು, ಇನ್ನೊಬ್ಬರು ಆಗಾಗ ದುಡ್ಡು ಕೊಡುತ್ತಾ ಹೋಗೋದು ಪರಸ್ಪರ ಲೆಕ್ಕ ಅಲ್ಲ. ಟ್ಯಾಲಿಯಲ್ಲಿ ಒಂದೇ ಲೆಡ್ಜರ್ ಇದೆ ಅಂದ ಮಾತ್ರಕ್ಕೆ 14 ಇನ್‌ವಾಯ್ಸ್ ಒಂದಾಗೋದಿಲ್ಲ. ಪ್ರತಿಯೊಂದಕ್ಕೂ ಅದರದೇ ಮೂರು ವರ್ಷ.

ಹಾಳೆಯಲ್ಲಿ ಇನ್ನೂ ಎರಡು ಸಾಲು ಇವೆ. 2023ರ ಜನವರಿಯಲ್ಲಿ ಎದುರುಪಕ್ಷದ ಖಾತೆಯಿಂದ 2 ಲಕ್ಷ ಜಮಾ ಆಗಿದೆ. 2024ರ ಫೆಬ್ರವರಿಯಲ್ಲಿ ಅವರ ಅಕೌಂಟ್ಸ್ ಮ್ಯಾನೇಜರ್ ಒಂದು ಇಮೇಲ್ ಕಳಿಸಿದ್ದಾರೆ, ನಿಮ್ಮ ಬಾಕಿಯನ್ನು ಮಾರ್ಚ್ ಒಳಗೆ ಚುಕ್ತಾ ಮಾಡುತ್ತೇವೆ ಅಂತ. ಮೊದಲನೆಯದು ಕಾಲಮಿತಿ ಕಾಯ್ದೆಯ 19ನೇ ಸೆಕ್ಷನ್ನಿಗೆ ಬರುತ್ತದೆ. ಆದರೆ ಬರೀ ಬ್ಯಾಂಕ್ ಜಮಾ ಸಾಲದು. ಕೊಟ್ಟವರ ಕೈಬರಹದಲ್ಲೋ ಸಹಿ ಇರುವ ಬರಹದಲ್ಲೋ ಆ ಪಾವತಿಯ ಒಪ್ಪಿಗೆ ಕಾಣಬೇಕು. ಎರಡನೆಯದು 18ನೇ ಸೆಕ್ಷನ್. ಮೂರು ವರ್ಷ ತುಂಬುವ ಮೊದಲೇ ಬಂದ ಒಪ್ಪಿಗೆ, ಹಾಗಾಗಿ ಅಲ್ಲಿಂದ ಹೊಸದಾಗಿ ಮೂರು ವರ್ಷ ಕೇಳಬಹುದು. ಎಷ್ಟು ಬಾಕಿ ಅಂತ ಇಮೇಲ್‌ನಲ್ಲಿ ಅಂಕಿ ಇಲ್ಲದಿದ್ದರೂ ಪರವಾಗಿಲ್ಲ. ಆದರೆ ಆ ಮ್ಯಾನೇಜರಿಗೆ ಕಂಪನಿಯ ಪರವಾಗಿ ಹಾಗೆ ಬರೆಯುವ ಅಧಿಕಾರ ಇತ್ತಾ? ಯಾವ ಇಮೇಲ್ ವಿಳಾಸದಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಮುಂದೆ ಹೋಗಿ. ಅನುಮಾನ ಇದ್ದರೆ ಮೇ 10ನ್ನೇ ಕೊನೇ ದಿನ ಅಂತ ಇಟ್ಟುಕೊಂಡು ಓಡಿ.

ಮಾಲೀಕರಿಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ, ಇದ್ದರೆ ಇನ್ನೊಂದು ದಾರಿಯೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಡಿ ಬಾಕಿ ವಸೂಲಿಗೆ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗಬಹುದು. ಅಲ್ಲಿ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಅದೇ ಒಂದು ಬೇರೆ ಉಪನ್ಯಾಸದ ವಿಷಯ. ಕಕ್ಷಿದಾರರ ಮುಂದೆ ಎರಡೂ ದಾರಿ ಇಟ್ಟು ಆರಿಸಿಕೊಳ್ಳೋಕೆ ಬಿಡಿ, ಅಷ್ಟು ನೆನಪಿರಲಿ.

ಓಡಿ ಅಂದೆ. ಎಲ್ಲಿಗೆ ಓಡಬೇಕು? ಕೋರ್ಟಿಗಲ್ಲ. ತುರ್ತು ಮಧ್ಯಂತರ ಪರಿಹಾರ ಬೇಡದ ದಾವೆಯಾದರೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12-ಎ ಸೆಕ್ಷನ್ ಪ್ರಕಾರ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಆಗಸ್ಟ್ 17ರಂದು ಇದು ಕಡ್ಡಾಯ ಅಂತ ಹೇಳಿತು. ಆಗಸ್ಟ್ 20ರಿಂದ ಆಚೆಗೆ ಇದನ್ನು ಬಿಟ್ಟು ಹೂಡಿದ ದಾವೆಯ ಪ್ಲೇಂಟು ಆರ್ಡರ್ 7 ರೂಲ್ 11ರಲ್ಲಿ ತಿರಸ್ಕೃತ ಆಗುತ್ತದೆ. ಅರ್ಜಿ ಕೊಡೋದು ಕಾನೂನು ಸೇವಾ ಪ್ರಾಧಿಕಾರಕ್ಕೆ. 2018ರ ತಿದ್ದುಪಡಿ ಕೊಟ್ಟ ಅವಧಿ 3 ತಿಂಗಳು, ಎರಡೂ ಕಡೆಯವರು ಒಪ್ಪಿದರೆ ಇನ್ನೂ 2. ಒಳ್ಳೇ ಸುದ್ದಿ ಏನಪ್ಪಾ ಅಂದರೆ, ಆ ಅವಧಿ ಕಾಲಮಿತಿಯ ಲೆಕ್ಕದಿಂದ ಹೊರಗೆ. ಹಾಗಾಗಿ ಮೇ 10ರೊಳಗೆ ಮಧ್ಯಸ್ಥಿಕೆಯ ಅರ್ಜಿ ಸೇರಿದರೆ ಸ್ವಲ್ಪ ಉಸಿರು ಬಿಡಬಹುದು. ಸ್ವಲ್ಪ ಅಂದೆ. ಮಧ್ಯಸ್ಥಿಕೆ ಮುಗಿದ ದಿನ ಮತ್ತೆ ಗಡಿಯಾರ ಶುರು. 9ನೇ ತಾರೀಕು ಅರ್ಜಿ ಹಾಕಿದವರಿಗೆ ಆಮೇಲೆ ಉಳಿಯೋದು ಬೆರಳೆಣಿಕೆಯ ದಿನ. ಅಷ್ಟರೊಳಗೆ ಪ್ಲೇಂಟು ಸಿದ್ಧ ಇರಬೇಕು.

ಎದುರುಪಕ್ಷ ಬರಲೇ ಇಲ್ಲ ಅಂದರೆ ಪ್ರಾಧಿಕಾರ ವರದಿ ಕೊಡುತ್ತದೆ, ಅದನ್ನು ಪ್ಲೇಂಟಿಗೆ ಲಗತ್ತಿಸುತ್ತೀರಿ. ಈ ಹಂತವನ್ನು ಬಹಳ ಜನ ಶಾಸ್ತ್ರಕ್ಕೆ ಮಾಡಿ ಮುಗಿಸುತ್ತಾರೆ. ಇನ್ನು ಕೆಲವರು ಅದನ್ನು ತಪ್ಪಿಸಿಕೊಳ್ಳೋಕೆ ಸುಮ್ನೆ ಒಂದು ತಡೆಯಾಜ್ಞೆ ಅರ್ಜಿ ಜೋಡಿಸುತ್ತಾರೆ. ಆ ಜಾಣತನಕ್ಕೂ ಸುಪ್ರೀಂ ಕೋರ್ಟ್ 2023ರಲ್ಲಿ ಯಾಮಿನಿ ಮನೋಹರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ತುರ್ತು ಅನ್ನೋದು ವೇಷ ಆಗಿದ್ದರೆ ಕೋರ್ಟು ಅದನ್ನು ಕಳಚಿ ನೋಡಬಹುದು. ನಿಜ ಹೇಳಬೇಕೆಂದರೆ 42 ಲಕ್ಷದಲ್ಲಿ 35 ಲಕ್ಷ ನಾಲ್ಕು ಕಂತಿನಲ್ಲಿ ಮಧ್ಯಸ್ಥಿಕೆಯಲ್ಲೇ ಬಂದರೆ ಪೀಣ್ಯದ ಮಾಲೀಕರಿಗೆ ಅದಕ್ಕಿಂತ ಒಳ್ಳೇ ಡಿಕ್ರಿ ಇಲ್ಲ. ಅಲ್ಲಿ ಆದ ಒಪ್ಪಂದಕ್ಕೆ ಆರ್ಬಿಟ್ರೇಟರ್ ಕೊಡುವ ಐತೀರ್ಪಿನಷ್ಟೇ ಬಲ ಇದೆ. ಜೂನಿಯರ್‌ಗಳು ಆ ಕೋಣೆಯಲ್ಲಿ ಕೂತು ನೋಡಬೇಕು. ವ್ಯಾಪಾರಿಗಳು ಹೇಗೆ ಯೋಚಿಸುತ್ತಾರೆ ಅನ್ನೋದು ಕೋರ್ಟ್ ಹಾಲ್‌ಗಿಂತ ಅಲ್ಲಿ ಚೆನ್ನಾಗಿ ಕಾಣುತ್ತದೆ.

ರಾಜಿ ಆಗಲಿಲ್ಲ ಅಂತ ಇಟ್ಟುಕೊಳ್ಳೋಣ. ಈಗ ಪ್ಲೇಂಟು.

ಆರ್ಡರ್ 11 ಹೇಳೋದು ಏನು? ದಾವೆಗೆ ಸಂಬಂಧಪಟ್ಟು ನಿಮ್ಮ ಹತ್ತಿರ, ನಿಮ್ಮ ಹಿಡಿತದಲ್ಲಿ ಇರುವ ಎಲ್ಲ ದಾಖಲೆಗಳ ಪಟ್ಟಿ ಮತ್ತು ಪ್ರತಿಗಳು ಪ್ಲೇಂಟಿನ ಜೊತೆಗೇ ಬರಬೇಕು. ನಿಮಗೆ ಅನುಕೂಲ ಆಗೋದು ಮಾತ್ರ ಅಲ್ಲ, ಪ್ರತಿಕೂಲ ಆಗೋದೂ. ನನ್ನ ಹತ್ತಿರ ಇರೋದೆಲ್ಲ ಕೊಟ್ಟಿದ್ದೇನೆ ಅಂತ ಪ್ರಮಾಣ ಬೇರೆ. ಎದುರು ಸಾಕ್ಷಿಯ ಪಾಟೀಸವಾಲಿಗೆ ಮಾತ್ರ ಬಳಸುವ ದಾಖಲೆಗೆ ವಿನಾಯಿತಿ ಇದೆ. ಉಳಿದದ್ದು ಆಮೇಲೆ ತರಬೇಕು ಅಂದರೆ ಕೋರ್ಟಿನ ಅನುಮತಿ ಬೇಕು, ಮೊದಲೇ ಯಾಕೆ ತರಲಿಲ್ಲ ಅನ್ನೋದಕ್ಕೆ ಸರಿಯಾದ ಕಾರಣ ಬೇಕು. ಸಿಕ್ಕಿರಲಿಲ್ಲ ಸ್ವಾಮಿ, ಬೀರುವಿನಲ್ಲಿತ್ತು ಅಂದರೆ ಯಾರೂ ಕೇಳೋದಿಲ್ಲ.

ಇಲ್ಲಿ ಕಕ್ಷಿದಾರರ ಜೊತೆ ಸಣ್ಣ ಜಗಳ ಆಗುತ್ತದೆ. ಆಗಲೇಬೇಕು. ಕವರಿನ ತಳದಲ್ಲಿ 2022ರ ಜುಲೈನ ಒಂದು ಇಮೇಲ್ ಸಿಗುತ್ತದೆ. ಮೂರು ಪೆಟ್ಟಿಗೆ ಮಾಲು ತುಕ್ಕು ಹಿಡಿದಿದೆ ಅಂತ ಖರೀದಿದಾರರು ದೂರಿದ್ದಾರೆ. "ಅದು ಬೇಡ ಬಿಡಿ ಸಾರ್, ಅವತ್ತೇ ಮುಗೀತು" ಅಂತಾರೆ ಮಾಲೀಕರು. ಹೇಗೆ ಮುಗಿಯಿತು ಅಂತ ಕೇಳಿ. "ಆ ಮೂರು ಪೆಟ್ಟಿಗೆಗೆ 1 ಲಕ್ಷ 80 ಸಾವಿರದ ಕ್ರೆಡಿಟ್ ನೋಟ್ ಕೊಟ್ವಲ್ಲ!" ನೋಡಿ, ಎಂಥಾ ಒಳ್ಳೇ ದಾಖಲೆಯನ್ನು ಅವರು ಬಚ್ಚಿಡೋಕೆ ಹೊರಟಿದ್ದರು. ದೂರು ಬಂತು, ಪರಿಹಾರ ಕೊಟ್ಟೆವು, ಉಳಿದ ಮಾಲಿನ ಬಗ್ಗೆ ಅವರು ಚಕಾರ ಎತ್ತಲಿಲ್ಲ ಅಂತ ನೀವೇ ಮೊದಲು ಹೇಳಿದರೆ ಅದು ನಿಮ್ಮ ಕಥೆ. ಮುಚ್ಚಿಟ್ಟು, ಎದುರಿನವರು ತೆಗೆದರೆ ಅದು ಅವರ ಕಥೆ. ಜೊತೆಗೆ ನಿಮ್ಮ ಕಕ್ಷಿದಾರ ಸುಳ್ಳು ಪ್ರಮಾಣ ಮಾಡಿದ ಅಂತಾಗುತ್ತದೆ.

ವಾಟ್ಸ್ಆ್ಯಪ್ ವಿಷಯಕ್ಕೆ ಬರೋಣ. ಈಗ ಅರ್ಧ ವ್ಯಾಪಾರ ಅದರಲ್ಲೇ. ಸ್ಕ್ರೀನ್‌ಶಾಟ್ ತೆಗೆದು ಜೆರಾಕ್ಸ್ ಹಾಕಿ ಫೈಲ್ ಮಾಡಿದರೆ ಸಾಕಾಗೋದಿಲ್ಲ. ಎಲೆಕ್ಟ್ರಾನಿಕ್ ದಾಖಲೆಗೆ ಹಳೇ ಸಾಕ್ಷ್ಯ ಕಾಯ್ದೆಯ 65-ಬಿ ಪ್ರಮಾಣಪತ್ರ ಕಡ್ಡಾಯ ಅಂತ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣ ಖಚಿತ ಮಾಡಿತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಈಗ ಅದು 63ನೇ ಸೆಕ್ಷನ್. ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ಕಕ್ಷಿದಾರರ ಸಹಿ, ಇನ್ನೊಂದಕ್ಕೆ ತಜ್ಞರದ್ದು. ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲಿನ ಡಿಜಿಟಲ್ ಬೆರಳಚ್ಚು, ಬರೆಯಬೇಕು. ಇದೆಲ್ಲ ಮಾಡೋಕೆ ಮೂಲ ಫೋನ್ ಇರಬೇಕು ತಾನೇ? ಮಾಲೀಕರು ಕಳೆದ ದೀಪಾವಳಿಗೆ ಎಕ್ಸ್‌ಚೇಂಜ್ ಆಫರ್‌ನಲ್ಲಿ ಫೋನ್ ಬದಲಾಯಿಸಿರುತ್ತಾರೆ. ಹಾಗಾಗಿ ಮೊದಲ ಭೇಟಿಯಲ್ಲೇ ಹೇಳಿ: ಈ ಕೇಸು ಮುಗಿಯೋವರೆಗೆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ, ಅಕೌಂಟೆಂಟ್ ಕೆಲಸ ಬಿಟ್ಟರೆ ಅವರ ಇಮೇಲ್ ಮುಚ್ಚಬೇಡಿ.

ಇನ್ನೊಂದು ಉಪಯುಕ್ತ ಜಾಗ ಜಿಎಸ್‌ಟಿ. ಮಾಲು ಬಂದೇ ಇಲ್ಲ ಅಂತ ಎದುರಿನವರು ವಾದ ಮಾಡುತ್ತಾರೆ. ನಮ್ಮ ಜೂನಿಯರ್‌ಗಳು ತಕ್ಷಣ ಹೇಳೋದು, ಅವರ ಜಿಎಸ್‌ಟಿಆರ್-2ಬಿ ಖರೀದಿ ಪಟ್ಟಿಯಲ್ಲಿ ನಮ್ಮ ಇನ್‌ವಾಯ್ಸ್ ಇದೆ ಅಂತ. ತಡೆಯಿರಿ. 2ಬಿಯಲ್ಲಿ ಅದು ಕಾಣೋದು ನಿಮ್ಮ ಕಕ್ಷಿದಾರ ತನ್ನ ಜಿಎಸ್‌ಟಿಆರ್-1 ಮಾರಾಟದ ರಿಟರ್ನಿನಲ್ಲಿ ತುಂಬಿದ್ದರಿಂದ. ಅದು ನಿಮ್ಮದೇ ಮಾತಿನ ಪ್ರತಿಧ್ವನಿ. ಅವರು ಆ ತೆರಿಗೆಯ ಕ್ರೆಡಿಟ್ ನಿಜವಾಗಿ ಬಳಸಿಕೊಂಡರಾ ಅನ್ನೋದು ಪ್ರಶ್ನೆ. ಅದಕ್ಕೆ ಅವರ ಖರೀದಿ ರಿಜಿಸ್ಟರ್ ಬೇಕು, ತೆರಿಗೆ ಕಟ್ಟುವಾಗ ಅವರು ಸಲ್ಲಿಸುವ 3ಬಿ ರಿಟರ್ನ್ ಜೊತೆ ತಾಳೆ ನೋಡಬೇಕು. 3ಬಿಯಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ, ಇನ್‌ವಾಯ್ಸ್ ಇನ್‌ವಾಯ್ಸ್ ಲೆಕ್ಕ ಇರೋದಿಲ್ಲ. ಆ ರಿಜಿಸ್ಟರ್ ಹಾಜರು ಮಾಡಿಸೋಕೆ ಅರ್ಜಿ ಹಾಕಿ. ಮಾಲು ಬರಲಿಲ್ಲ ಅನ್ನೋ ಕಂಪನಿ ಅದೇ ಮಾಲಿನ ಮೇಲಿನ ತೆರಿಗೆ ಕ್ರೆಡಿಟ್ ತಗೊಂಡಿದೆ ಅಂತ ತೋರಿಸಿದ ದಿನ ಆ ವಾದ ಅಲ್ಲಿಗೇ ಮಲಗುತ್ತದೆ. ಇದನ್ನು ಕಾನೂನು ಪುಸ್ತಕದಲ್ಲಿ ಹುಡುಕಬೇಡಿ. ನಿಮ್ಮ ಊರಿನ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಜೊತೆ ಅರ್ಧ ಗಂಟೆ ಕೂತು ಕಲಿಯಿರಿ.

ಈಗ ಕುರ್ಚಿ ಬದಲಾಯಿಸೋಣ. ನೀವು ಪ್ರತಿವಾದಿಯ ವಕೀಲರು. ಸಮನ್ಸ್ ಮುಟ್ಟಿದ್ದು ಜೂನ್ 3ಕ್ಕೆ. ಲಿಖಿತ ಹೇಳಿಕೆಗೆ 30 ದಿನ, ಅಂದರೆ ಜುಲೈ 3. ಅಲ್ಲಿಂದಾಚೆ ಕಾರಣ ಕೊಟ್ಟು, ಕೋರ್ಟು ಹೇಳಿದ ಖರ್ಚು ಕಟ್ಟಿ, ಹೆಚ್ಚೆಂದರೆ 120ನೇ ದಿನದವರೆಗೆ. ಎಣಿಸಿ ನೋಡಿ, ಅಕ್ಟೋಬರ್ 1. ಅದು ದಾಟಿದರೆ ಹಕ್ಕೇ ಹೋಯಿತು. ನ್ಯಾಯಾಧೀಶರಿಗೆ ಮನಸ್ಸಿದ್ದರೂ ತಗೊಳ್ಳೋಕೆ ಅಧಿಕಾರ ಇಲ್ಲ. ಸಮನ್ಸ್ ಒಂದು ದಿನ ತಡವಾಗಿ ಮುಟ್ಟಿದ್ದರೆ ಕೊನೇ ದಿನ ಗಾಂಧಿ ಜಯಂತಿ, ಅದರ ಬೆನ್ನಿಗೆ ದಸರಾ ರಜೆಯೂ ಬರಬಹುದು. ರಜೆಯ ದಿನ ಬಂದರೆ ಏನು ಅನ್ನೋದಕ್ಕೆ ವಾದ ಇದೆ. ಆ ವಾದ ಮಾಡುವ ಸ್ಥಿತಿಗೆ ನಿಮ್ಮನ್ನು ನೀವು ತಂದುಕೊಳ್ಳಬೇಡಿ.

ಎಸ್‌ಸಿಜಿ ಕಾಂಟ್ರಾಕ್ಟ್ಸ್ ವಿರುದ್ಧ ಚಮಂಕರ್ ಇನ್‌ಫ್ರಾಸ್ಟ್ರಕ್ಚರ್, 2019ರ ಫೆಬ್ರವರಿಯ ತೀರ್ಪು. ಅದರ ತಾರೀಕುಗಳನ್ನು ನೋಡಿದರೆ ಪಾಠ ತಾನಾಗಿ ಹತ್ತುತ್ತದೆ. ಸಮನ್ಸ್ ಮುಟ್ಟಿದ್ದು 2017ರ ಜುಲೈ 14. 120 ದಿನ ಮುಗಿದಿದ್ದು ನವೆಂಬರ್ 11. ನಡುವೆ ಪ್ರತಿವಾದಿ ಏನು ಮಾಡಿದರು? ಪ್ಲೇಂಟ್ ತಿರಸ್ಕರಿಸಿ ಅಂತ ಆರ್ಡರ್ 7 ರೂಲ್ 11ರ ಅರ್ಜಿ ಹಾಕಿ ಅದರ ಆದೇಶಕ್ಕೆ ಕಾದು ಕೂತರು. ಅರ್ಜಿ ಡಿಸೆಂಬರ್ 5ಕ್ಕೆ ವಜಾ ಆಯಿತು. ಡಿಸೆಂಬರ್ 15ರೊಳಗೆ ಲಿಖಿತ ಹೇಳಿಕೆ ಹಾಕಿ ಅಂತ ಹೈಕೋರ್ಟ್ ಅವಕಾಶ ಕೊಟ್ಟಿತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ, ಲಿಖಿತ ಹೇಳಿಕೆಯನ್ನು ದಾಖಲೆಯಿಂದಲೇ ತೆಗೆಸಿತು. ನಮ್ಮಲ್ಲಿ ಇವತ್ತಿಗೂ ವ್ಯಾಜ್ಯವನ್ನು ಆರ್ಬಿಟ್ರೇಶನ್‌ಗೆ ಕಳಿಸಿ ಅನ್ನೋ, ಆರ್ಬಿಟ್ರೇಶನ್ ಕಾಯ್ದೆಯ ಸೆಕ್ಷನ್ 8 ಅರ್ಜಿ ಪೆಂಡಿಂಗ್ ಇದೆ, ರಾಜಿ ಮಾತುಕತೆ ನಡೀತಿದೆ ಅಂತ ಡಬ್ಲ್ಯೂಎಸ್, ಅಂದರೆ ಲಿಖಿತ ಹೇಳಿಕೆ, ಹಿಡಿದಿಟ್ಟುಕೊಳ್ಳೋರಿದ್ದಾರೆ. ಅರ್ಜಿ ಅರ್ಜಿಯ ಪಾಡಿಗೆ ಇರಲಿ. ಡಬ್ಲ್ಯೂಎಸ್ ಬರೆದು, ಹಕ್ಕು ಬಿಟ್ಟುಕೊಡದೆ ಸಲ್ಲಿಸುತ್ತಿದ್ದೇವೆ ಅಂತ ಒಂದು ಸಾಲು ಸೇರಿಸಿ ಹಾಕಿ.

ಬರೆಯುವ ರೀತಿಯೂ ಬೇರೆ. ಪ್ಯಾರಾ 4ರಿಂದ 19 ಸುಳ್ಳು, ವಾದಿಯೇ ಸಾಬೀತು ಮಾಡಲಿ ಅನ್ನೋ ಹಳೇ ರಾಗ ಇಲ್ಲಿ ನಡೆಯೋದಿಲ್ಲ. ಯಾವ ಆಪಾದನೆ ಅಲ್ಲಗಳೆಯುತ್ತೀರಿ, ಯಾಕೆ, ನಿಮ್ಮ ಪ್ರಕಾರ ನಡೆದಿದ್ದೇನು, ಮೂರೂ ಹೇಳಬೇಕು. ಸರಿಯಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡ ಲೆಕ್ಕ. ದಾಖಲೆಗಳಿಗೂ ಹೀಗೇ, ಒಂದೊಂದಾಗಿ ಒಪ್ಪುವ ಅಥವಾ ನಿರಾಕರಿಸುವ ಪಟ್ಟಿ ಕೊಡಬೇಕು.

ಇಷ್ಟಾದ ಮೇಲೆ ಬರೋದು ದಾವೆಯ ಮುಂದಿನ ವೇಳಾಪಟ್ಟಿ ಹಾಕುವ ಕೇಸ್ ಮ್ಯಾನೇಜ್‌ಮೆಂಟ್ ಹಿಯರಿಂಗ್. ಪುಸ್ತಕದ ಪ್ರಕಾರ ಮೊದಲ ಹಿಯರಿಂಗ್‌ನಿಂದ 6 ತಿಂಗಳಲ್ಲಿ ವಾದ ಮುಗಿಯಬೇಕು, ವಾದ ಮುಗಿದ 90 ದಿನದಲ್ಲಿ ತೀರ್ಪು. ಪುಸ್ತಕದ 6 ತಿಂಗಳು ಎಲ್ಲ ಕಡೆಯೂ 6 ತಿಂಗಳಾಗಿ ಉಳಿಯೋದಿಲ್ಲ, ನಿಮಗೂ ಗೊತ್ತು ನನಗೂ ಗೊತ್ತು. ಆದರೆ ವಕೀಲರು ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಆ ಹಿಯರಿಂಗ್ ಮುಂದೂಡಬಾರದು ಅಂತ ಆರ್ಡರ್ 15-ಎ ಬರೆದಿಟ್ಟಿದೆ. ಸೀನಿಯರ್ ಬೇರೆ ಹಾಲ್‌ನಲ್ಲಿದ್ದಾರೆ ಅಂತ ಪಾಸ್‌ಓವರ್, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ, ಕೇಳೋಕೆ ನಿಂತ ಜೂನಿಯರ್‌ಗೆ ನ್ಯಾಯಾಧೀಶರು, ಸರಿ, ನಿಮ್ಮ ಸಾಕ್ಷಿಗಳೆಷ್ಟು, ಸಾಕ್ಷಿ ಹೇಳಿಕೆಯ ಚೀಫ್ ಅಫಿಡವಿಟ್ ಯಾವಾಗ ಕೊಡುತ್ತೀರಿ ಅಂತ ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ತಾರೀಕು ಅವರೇ ಹಾಕುತ್ತಾರೆ. ಫೈಲ್ ಓದದೆ ಆ ಹಾಲ್‌ಗೆ ಹೋಗಬೇಡಿ.

13-ಎ ಬಗ್ಗೆ ಎರಡು ಮಾತು. ಎದುರಿನವರ ಡಿಫೆನ್ಸ್‌ಗೆ ಗೆಲ್ಲುವ ನಿಜವಾದ ಅವಕಾಶವೇ ಇಲ್ಲ ಅನ್ನಿಸಿದರೆ, ವಿವಾದಾಂಶ ರಚಿಸುವ ಮೊದಲು ಸಂಕ್ಷಿಪ್ತ ತೀರ್ಪು ಕೇಳಬಹುದು. ಬಾಯಿಸಾಕ್ಷ್ಯವೇ ಬೇಕಾಗೋದಿಲ್ಲ. ನಮ್ಮಲ್ಲಿ ಇದನ್ನು ಬಳಸೋದು ತೀರಾ ಕಡಿಮೆ, ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇನ್‌ವಾಯ್ಸ್ ಇದೆ, ಮಾಲು ತಲುಪಿದ ಸೀಲು ಇದೆ, ಬಾಕಿ ಒಪ್ಪಿದ ಇಮೇಲ್ ಇದೆ. ಇನ್ನೇನು ಸಾಕ್ಷಿ ವಿಚಾರಣೆ ಮಾಡುತ್ತೀರಿ?

ಮೇಲ್ಮನವಿಗೆ 60 ದಿನ. ಮಧ್ಯಂತರ ಆದೇಶಗಳ ಮೇಲೆ ರಿವಿಷನ್, ಅಂದರೆ ಮೇಲಿನ ಕೋರ್ಟಿನ ಮರುಪರಿಶೀಲನೆ, ಇಲ್ಲ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 8ನೇ ಸೆಕ್ಷನ್ ಆ ದಾರಿ ಮುಚ್ಚಿದೆ. ಸೋತವರು ಗೆದ್ದವರ ಖರ್ಚು ಕೊಡೋದು ಇಲ್ಲಿ ಸಾಮಾನ್ಯ ನಿಯಮ. ಫೀಸಿನ ರಸೀದಿಗಳನ್ನು ಮೊದಲ ದಿನದಿಂದ ಜೋಡಿಸಿಡಿ.

ಡಿಕ್ರಿ ಆಯಿತು. ದುಡ್ಡು? ಅಮಲ್ಜಾರಿಯಲ್ಲಿ, ಅಂದರೆ ಡಿಕ್ರಿ ಜಾರಿ ಮಾಡಿಸುವ ಹಂತದಲ್ಲಿ, ಆಸ್ತಿ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡೋದು ನಮ್ಮ ದೊಡ್ಡ ರೋಗ. 2021ರಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಮಲ್ಜಾರಿ 6 ತಿಂಗಳಲ್ಲಿ ಮುಗಿಯಬೇಕು ಅಂದಿತು. ಆ ಪ್ರಕರಣ ನಮ್ಮ ಬೆಂಗಳೂರಿನ ಜಮೀನಿನದ್ದೇ. ಆದರೆ ಮುಟ್ಟುಗೋಲಿಗೆ ಏನೂ ಸಿಗದಿದ್ದರೆ 6 ತಿಂಗಳು ತಗೊಂಡು ಏನು ಮಾಡುತ್ತೀರಿ? ಅದಕ್ಕೇ ಆ ಮೊದಲ ಹಾಳೆಯ ಹಿಂಬದಿಯಲ್ಲಿ ಬರೆದಿಡಿ: ಎದುರಿನವರ ಬ್ಯಾಂಕ್ ಯಾವುದು, ಕಾರ್ಖಾನೆ ಸ್ವಂತದ್ದಾ ಬಾಡಿಗೆಯದ್ದಾ, ಕಂಪನಿ ರಿಜಿಸ್ಟ್ರಾರ್ ದಾಖಲೆಯಲ್ಲಿ ಯಾವ ಬ್ಯಾಂಕಿನ ಅಡಮಾನ ನಮೂದಾಗಿದೆ. ಆಸ್ತಿ ಸಾಗಿಸುತ್ತಿದ್ದಾರೆ ಅನ್ನೋದಕ್ಕೆ ಪುರಾವೆ ಸಿಕ್ಕರೆ ತೀರ್ಪಿಗೆ ಮೊದಲೇ ಜಪ್ತಿ ಕೇಳೋಕೆ ಆರ್ಡರ್ 38 ರೂಲ್ 5 ಇದೆ. ಪುರಾವೆ ಇಲ್ಲದೆ ಬರೀ ಭಯದ ಮೇಲೆ ಕೇಳಿದರೆ ಸಿಗೋದಿಲ್ಲ.

ಇದನ್ನೆಲ್ಲ ಎಲ್ಲಿ ಕಲಿಯೋದು ಸಾರ್, ನಮ್ಮ ಸೀನಿಯರ್ ಹತ್ತಿರ ವಾಣಿಜ್ಯ ಫೈಲುಗಳೇ ಕಡಿಮೆ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಮುಗಿದ ಒಂದು ಫೈಲ್ ಸಿಕ್ಕರೂ ಸಾಕು. ತೀರ್ಪಿನಿಂದ ಶುರು ಮಾಡಬೇಡಿ, ದಿನದಿನದ ಕಲಾಪ ಬರೆದ ಆರ್ಡರ್ ಶೀಟಿನಿಂದ ಶುರು ಮಾಡಿ. ಪ್ರತಿ ತಾರೀಕಿಗೂ ಏನಾಯಿತು, ಯಾಕೆ ಮುಂದೆ ಹೋಯಿತು ಅಂತ ಬರೆದುಕೊಳ್ಳಿ. ಕಚೇರಿ ಆಕ್ಷೇಪಣೆಗಳನ್ನು ಓದಿ. ಇ-ಕೋರ್ಟ್ಸ್ ತಾಣದಲ್ಲಿ ವಾಣಿಜ್ಯ ಕೋರ್ಟುಗಳ ದಿನದ ಪಟ್ಟಿ, ಆದೇಶಗಳು ಬಿಟ್ಟಿ ಸಿಗುತ್ತವೆ. ನಮ್ಮ ಹೈಕೋರ್ಟ್ ಕಲಾಪ 2021ರಿಂದ ಯೂಟ್ಯೂಬ್‌ನಲ್ಲೇ ನೇರ ಬರುತ್ತಿದೆ. ವಾಣಿಜ್ಯ ಮೇಲ್ಮನವಿ ನಡೆಯುವಾಗ ಕೆಳ ಕೋರ್ಟಿನ ತೀರ್ಪು ಕೈಯಲ್ಲಿಟ್ಟುಕೊಂಡು ಕೇಳಿ. ಸುಮ್ನೆ ಕ್ಲಿಪ್ ನೋಡಿ ನಗೋದಕ್ಕೆ ಬೇರೆ ಹೊತ್ತಿದೆ.

ಇನ್ನೊಂದು ಪ್ರಶ್ನೆ, ಇಂಗ್ಲಿಷ್ ಚೆನ್ನಾಗಿ ಬರದಿದ್ದರೆ ಈ ಪ್ರಾಕ್ಟೀಸ್ ಮಾಡೋಕಾಗುತ್ತಾ ಅಂತ. ಪ್ಲೇಂಟು, ಡಬ್ಲ್ಯೂಎಸ್ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ, ಅದಕ್ಕೆ ಬೇಕಾದಷ್ಟು ಇಂಗ್ಲಿಷ್ ಕಲಿಯಬೇಕು. ಆದರೆ ಫೈಲಿನೊಳಗಿನ ಜೀವನ ಕನ್ನಡದ್ದು. ಗೋಡೌನ್ ರಿಜಿಸ್ಟರ್ ಕನ್ನಡದಲ್ಲಿ, ಡ್ರೈವರ್ ಕನ್ನಡದವನು, ಪಾಟೀಸವಾಲಿನಲ್ಲಿ ಅಕೌಂಟೆಂಟ್ ಬಾಯಿ ಬಿಡೋದು ಕನ್ನಡದಲ್ಲಿ ಕೇಳಿದಾಗ. ವಾಣಿಜ್ಯ ದಾವೆಯಲ್ಲಿ ಪ್ಲೇಂಟಿನ ಜೊತೆ ಸತ್ಯದ ಹೇಳಿಕೆ ಅಂತ ಒಂದು ಪ್ರಮಾಣಪತ್ರಕ್ಕೆ ಕಕ್ಷಿದಾರ ಸಹಿ ಹಾಕಬೇಕು. ಪೀಣ್ಯದ ಮಾಲೀಕರು ಓದಿಯೂ ನೋಡದೆ ಸಹಿ ಹಾಕಿಕೊಟ್ಟು ಹೊರಡುತ್ತಾರೆ. ಎರಡು ವರ್ಷ ಕಳೆದು ಕಟಕಟೆಯಲ್ಲಿ, ಇದರಲ್ಲಿ ಏನು ಬರೆದಿದೆ ಅಂತ ನಿಮಗೆ ಗೊತ್ತಿತ್ತಾ ಅಂತ ಎದುರಿನವರು ಕೇಳುತ್ತಾರೆ. "ವಕೀಲರು ಹೇಳಿದ್ರು, ಹಾಕ್ದೆ" ಅನ್ನೋ ಉತ್ತರ ಬರುತ್ತದೆ.

ಅದಕ್ಕೆ ಸಹಿಗೆ ಮೊದಲು ಅವರನ್ನು ಕೂರಿಸಿ ಪ್ಲೇಂಟನ್ನು ಪ್ಯಾರಾ ಪ್ಯಾರಾ ಕನ್ನಡದಲ್ಲಿ ಹೇಳಿ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಒಂಬತ್ತನೇ ಪ್ಯಾರಾಕ್ಕೆ ಬಂದಾಗ ಅವರು ತಡೆದು, "ಇಲ್ಲ ಸಾರ್, ಆಗಸ್ಟ್ ಲೋಡು ನಾವು ಕಳಿಸಿದ್ದಲ್ಲ, ಅವರೇ ಗಾಡಿ ತಂದು ತುಂಬ್ಕೊಂಡು ಹೋದ್ರು" ಅಂತಾರೆ. ಆಗ ನೀವು ಇಲ್ಲದ ಲಾರಿ ರಸೀದಿ ಹುಡುಕೋದು ಬಿಟ್ಟು, ಆ ದಿನದ ಗೇಟ್ ಪಾಸ್ ಪುಸ್ತಕ ತರಿಸುತ್ತೀರಿ. ಅದರಲ್ಲಿ ಅವರ ಡ್ರೈವರ್‌ನ ಸಹಿ ಇರುತ್ತದೆ.